ಹಾರ ಹಾಕಿದವರೇ ಹಿಂದೆ ಹೊರಹಾಕಿದ್ದರು

ಪ್ರಶ್ನೆ: ನಾನು ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ ಜವಾಬ್ದಾರಿಯೂ ನನ್ನ ತಲೆಗೇ ಬಂದಿದೆ. ಅಮೆರಿಕದಲ್ಲಿ ಓದುತ್ತಿರುವ ನನ್ನ ತಂಗಿಯ ಮಗನಿಗೆ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ ಇತ್ತಂತೆ. ಆದರೂ ಬೆಳಿಗ್ಗೆ ಎದ್ದು, ಬಡವರಿಗೆ ಆಹಾರ ಹಂಚುವ ಗೋದಾಮಿಗೆ ಹೋಗಿ ಡಬ್ಬ ಜೋಡಿಸಿ ಬಂದನಂತೆ. ಅಲ್ಲಿನ ಕಾಲೇಜುಗಳು ಅಹಿಂಸೆ, ನಾಗರಿಕ ಹಕ್ಕಿನ ಹೋರಾಟ ಇವನ್ನೆಲ್ಲ ನೆನೆಯುವುದು ಹೀಗೇನಾ? ಗಾಂಧೀಜಿಗೂ ಅದಕ್ಕೂ ನಂಟಿದೆ ಅಂತಾರಲ್ಲ, ಅದು ನಿಜಕ್ಕೂ ಎಷ್ಟು? ನಮ್ಮಲ್ಲಿ ಅಕ್ಟೋಬರ್ 2 ಅಂದರೆ ಒಂದು ಹಾರ, ಒಂದು ಭಾಷಣ, ಪೊರಕೆ ಹಿಡಿದು ಒಂದು ಫೋಟೋ. ಅದಕ್ಕಿಂತ ಚೆನ್ನಾಗಿ ಏನಾದರೂ ಮಾಡಬಹುದಾ?

ಉತ್ತರ: ಮೊದಲು ಆ ಡಬ್ಬದ ವಿಷಯ ಮುಗಿಸಿಬಿಡೋಣ, ಮೇಡಂ.

ಕಪ್ಪು ಜನರ ಸಮಾನ ಹಕ್ಕಿಗಾಗಿ ಅಹಿಂಸೆಯಿಂದ ಹೋರಾಡಿದ ಕಿಂಗ್ ಹುಟ್ಟಿದ್ದು 1929ರ ಜನವರಿ 15ಕ್ಕೆ. ಅವರ ಹೆಸರಲ್ಲಿ ರಾಷ್ಟ್ರೀಯ ರಜೆ ಬೇಕು ಅನ್ನೋ ಮಸೂದೆಗೆ ಆಗಿನ ಅಧ್ಯಕ್ಷ ರೇಗನ್ ಸಹಿ ಹಾಕಿದ್ದು 1983ರಲ್ಲಿ. ಜನವರಿಯ ಮೂರನೇ ಸೋಮವಾರ ಅಂತ ಗೊತ್ತುಮಾಡಿ, 1986ರಿಂದ ಆಚರಣೆ ಶುರುವಾಯಿತು. ಸುಮ್ನೆ ಮನೆಯಲ್ಲಿ ಮಲಗುವ ರಜೆ ಆಗೋದು ಬೇಡ, ಸೇವೆಯ ದಿನ ಆಗಲಿ ಅಂತ 1994ರಲ್ಲಿ ಇನ್ನೊಂದು ಕಾನೂನು ಮಾಡಿದರು. ನಿಮ್ಮ ತಂಗಿಯ ಮಗ ಡಬ್ಬ ಜೋಡಿಸಿದ್ದು ಇದರ ಲೆಕ್ಕದಲ್ಲೇ. ಒಳ್ಳೆಯ ಕೆಲಸ, ಬೇಡ ಅನ್ನೋಕಾಗಲ್ಲ. ಆದರೆ ಕಿಂಗ್ ಡಬ್ಬ ಜೋಡಿಸಿ ಜೈಲಿಗೆ ಹೋದವರಲ್ಲ. ಸೇವೆ ಯಾರ ಮನಸ್ಸನ್ನೂ ನೋಯಿಸಲ್ಲ, ಅದಕ್ಕೇ ಎಲ್ಲರಿಗೂ ಇಷ್ಟ. ಅವರು ಮಾಡಿದ ಕೆಲಸ ಹಾಗಿರಲಿಲ್ಲ. ಆ ಕಾಲದ ಕಾಲೇಜು ಆಡಳಿತಗಳಿಗಂತೂ ಅದು ತಲೆನೋವಾಗಿತ್ತು.

ನನಗೆ ಹೇಳಬೇಕು ಅನಿಸುವುದು ಈ ತಲೆನೋವಿನ ಕಥೆಯನ್ನೇ. ಅಲ್ಲಿ ಈ ನೆನಪನ್ನು ನಿಜವಾಗಿ ಉಳಿಸಿಕೊಂಡ ಕಾಲೇಜುಗಳು ಎರಡು ಕೆಲಸ ಮಾಡಿವೆ. ಅಹಿಂಸೆ ಅನ್ನೋದು ಕಲಿತು, ಅಭ್ಯಾಸ ಮಾಡಿ ಬರುವ ವಿದ್ಯೆ ಅಂತ ನೆನಪಿಟ್ಟುಕೊಂಡಿವೆ. ಜೊತೆಗೆ ತಾವೇ ಯಾರನ್ನು ಹೊರಗಟ್ಟಿದ್ದೆವು ಅನ್ನೋದನ್ನು ಬಾಯಿಬಿಟ್ಟು ಹೇಳಿವೆ. ಇವೆರಡೂ ಒಂದೇ ಊರಿನಲ್ಲಿ ಕಾಣಿಸುತ್ತವೆ. ಟೆನೆಸಿ ರಾಜ್ಯದ ನ್ಯಾಶ್‌ವಿಲ್.

ಕಥೆ ಅಲ್ಲಿಂದಲ್ಲ, ನಮ್ಮ ನಾಗಪುರದಿಂದ ಶುರುವಾಗುತ್ತೆ. ಜೇಮ್ಸ್ ಲಾಸನ್ ಅಂತ ಒಬ್ಬ ಕಪ್ಪು ಹುಡುಗ, ಓಹಾಯೋದಲ್ಲಿ ಬೆಳೆದವರು, ಪಾದ್ರಿಯ ಮಗ. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲ್ಲ ಅಂತ ಕೂತರು. ಒಂದು ವರ್ಷಕ್ಕೂ ಮೇಲೆ ಜೈಲಲ್ಲಿದ್ದರು. ಬಿಡುಗಡೆಯಾದ ಮೇಲೆ 1953ರಲ್ಲಿ ಮೆಥಡಿಸ್ಟ್ ಸಭೆಯವರು ಅವರನ್ನು ನಾಗಪುರದ ಹಿಸ್ಲಾಪ್ ಕಾಲೇಜಿಗೆ ಕಳಿಸಿದರು. ಅಲ್ಲಿ ಮಕ್ಕಳಿಗೆ ಆಟ ಕಲಿಸೋದು ಕೆಲಸ, ಬಿಡುವಿನಲ್ಲಿ ಗಾಂಧೀಜಿಯನ್ನು ಓದೋದು. ಗಾಂಧಿ ಹೋಗಿ ಇನ್ನೂ ಐದಾರು ವರ್ಷ. ಅವರ ಜೊತೆ ಓಡಾಡಿದವರು, ಜೈಲಿಗೆ ಹೋದವರು ಸುತ್ತಮುತ್ತ ಬೇಕಾದಷ್ಟು ಜನ ಇದ್ದರು. ಗಾಂಧೀಜಿಯ ಆಶ್ರಮವಿದ್ದ ವಾರ್ಧಾ ಅಂತೂ ಪಕ್ಕದ ಜಿಲ್ಲೆ.

1955ರ ಡಿಸೆಂಬರಿನಲ್ಲಿ ಒಂದು ದಿನ ನಾಗಪುರ ಟೈಮ್ಸ್ ಪತ್ರಿಕೆ ತಿರುವಿ ಹಾಕುವಾಗ ಮಾಂಟ್‌ಗೊಮರಿ ಅನ್ನೋ ಊರಿನ ಸುದ್ದಿ ಕಂಡಿತು. ಬಸ್ಸಿನಲ್ಲಿ ಬಣ್ಣ ನೋಡಿ ಕೂರಿಸೋದು ಬೇಡ ಅಂತ ಅಲ್ಲಿನ ಕಪ್ಪು ಜನ ಒಬ್ಬರೂ ಬಸ್ ಹತ್ತುತ್ತಿಲ್ಲ, ನಡೆದೇ ಕೆಲಸಕ್ಕೆ ಹೋಗುತ್ತಿದ್ದಾರೆ, ಮುಂದಾಳು ಒಬ್ಬ ಯುವ ಪಾದ್ರಿ. ಆ ಪಾದ್ರಿಯೇ ಕಿಂಗ್. ಇಷ್ಟು ವರ್ಷ ತಾನು ಕನಸು ಕಂಡದ್ದು ತನ್ನ ದೇಶದಲ್ಲೇ ಶುರುವಾಗಿದೆ ಅಂತ ಓದಿ ಲಾಸನ್ ಕುಣಿದುಬಿಟ್ಟರಂತೆ. 1956ರಲ್ಲಿ ವಾಪಸ್ ಹೋದರು. ಮರುವರ್ಷ ಫೆಬ್ರವರಿಯಲ್ಲಿ ಓಬರ್ಲಿನ್ ಕಾಲೇಜಿಗೆ ಭಾಷಣಕ್ಕೆ ಬಂದ ಕಿಂಗ್ ಸಿಕ್ಕರು. ಇಬ್ಬರಿಗೂ ಆಗ 28 ವಯಸ್ಸು. ಓದು ಮುಗಿಸಿ ದಕ್ಷಿಣಕ್ಕೆ ಬರ್ತೀನಿ ಅಂದರೆ ಕಿಂಗ್, ಓದು ಆಮೇಲೆ ನೋಡ್ಕೋ, ಈಗಲೇ ಬಾ ಅಂದರಂತೆ.

ಹಾಗೆ 1958ರಲ್ಲಿ ಲಾಸನ್ ನ್ಯಾಶ್‌ವಿಲ್‌ಗೆ ಬಂದರು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗಕ್ಕೆ ಸೇರಿದರು. ಬಿಳಿಯರ ವಿಶ್ವವಿದ್ಯಾಲಯ ಅದು. ಬೆರಳೆಣಿಕೆಯ ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಬಾಗಿಲು ತೆರೆದಿತ್ತು. ಸಂಜೆ ಹೊತ್ತು ಕ್ಲಾರ್ಕ್ ಮೆಮೋರಿಯಲ್ ಚರ್ಚಿನ ನೆಲಮಾಳಿಗೆಯಲ್ಲಿ ಇವರದೇ ಒಂದು ತರಗತಿ. ಬರುತ್ತಿದ್ದವರು ಊರಿನ ಕಪ್ಪು ಜನರ ಕಾಲೇಜುಗಳಾದ ಫಿಸ್ಕ್, ಟೆನೆಸಿ ಸ್ಟೇಟ್, ಅಮೆರಿಕನ್ ಬ್ಯಾಪ್ಟಿಸ್ಟ್, ಮಿಹ್ಯಾರಿ ಮೆಡಿಕಲ್ ಇವುಗಳ ಹುಡುಗ ಹುಡುಗಿಯರು. ಡಯೇನ್ ನ್ಯಾಶ್, ಜಾನ್ ಲೂಯಿಸ್, ಬರ್ನಾರ್ಡ್ ಲಫಯೆಟ್, ಜೇಮ್ಸ್ ಬೆವೆಲ್. ಮುಂದೆ ಇಡೀ ಹೋರಾಟದಲ್ಲಿ ಕೇಳಿಬರುವ ಹೆಸರುಗಳು. ಆಗ ಎಲ್ಲರೂ ಇಪ್ಪತ್ತರ ಆಸುಪಾಸು.

ಅಲ್ಲಿ ಏನು ಮಾಡುತ್ತಿದ್ದರು ಅನ್ನೋದೇ ನಮಗೆ ಬೇಕಾದ್ದು. ಕುರ್ಚಿಗಳನ್ನು ಹೋಟೆಲಿನ ಕೌಂಟರಿನ ಹಾಗೆ ಸಾಲಾಗಿ ಇಡೋದು. ಕೆಲವರು ಅಲ್ಲಿ ಕೂರೋದು. ಇನ್ನು ಕೆಲವರು ಬಿಳಿ ಪುಂಡರ ಪಾತ್ರ ಮಾಡೋದು. ಪಾತ್ರ ಅಂದರೆ ಸುಮ್ನೆ ಅಲ್ಲ. ಕಿವಿಯಲ್ಲಿ ಹೊಲಸು ಬೈಗುಳ ಬೈಯೋರು, ಮುಖಕ್ಕೆ ಸಿಗರೇಟಿನ ಹೊಗೆ ಬಿಡೋರು, ಕುರ್ಚಿ ಎಳೆದು ಕೆಡವೋರು, ಮೈಮೇಲೆ ಏನಾದರೂ ಸುರಿಯೋರು. ಕೂತವರು ತಿರುಗಿ ಹೊಡೆಯಬಾರದು, ಬೈಯಬಾರದು, ಓಡಿಹೋಗಲೂಬಾರದು. ಕೆಳಗೆ ಬಿದ್ದಾಗ ತಲೆ ಹೊಟ್ಟೆ ಎರಡನ್ನೂ ಕಾಪಾಡಿಕೊಳ್ಳೋ ಹಾಗೆ ಮುದುಡಿಕೊಳ್ಳೋದು ಹೇಗೆ, ಹೊಡೆಯುವವನ ಕಣ್ಣನ್ನೇ ನೋಡೋದು ಹೇಗೆ, ಒಬ್ಬನಿಗೇ ಜಾಸ್ತಿ ಪೆಟ್ಟು ಬೀಳುತ್ತಿದ್ದರೆ ಉಳಿದವರು ನಡುವೆ ನುಗ್ಗಿ ಆ ಪೆಟ್ಟನ್ನು ಹಂಚಿಕೊಳ್ಳೋದು ಹೇಗೆ, ಇದೆಲ್ಲ ಪಾಠ. ಆಮೇಲೆ ಪಾತ್ರ ಅದಲುಬದಲು. ವಾರಗಟ್ಟಲೆ, ತಿಂಗಳುಗಟ್ಟಲೆ ಇದೇ. ನನ್ನ ಕೈಲಿ ಆಗಲ್ಲ, ನಾನು ತಿರುಗಿ ಹೊಡೆದೇ ಹೊಡೀತೀನಿ ಅನ್ನೋರು ಕೌಂಟರಿಗೆ ಹೋಗೋದು ಬೇಡ, ಬೇರೆ ಕೆಲಸ ಮಾಡಲಿ ಅಂತಿತ್ತು.

ಇಷ್ಟೆಲ್ಲ ಒಂದು ಕಪ್ ಕಾಫಿಗಾ ಅಂತ ನಿಮ್ಮ ಮಕ್ಕಳು ಕೇಳಬಹುದು. ಪೇಟೆಯ ವೂಲ್‌ವರ್ತ್, ಕ್ರೆಸ್ ಥರದ ಅಂಗಡಿಗಳಲ್ಲಿ ಕಪ್ಪು ಜನ ಟೂತ್‌ಪೇಸ್ಟ್, ನೋಟ್‌ಬುಕ್, ಬಟ್ಟೆ ಎಲ್ಲ ಕೊಳ್ಳಬಹುದಿತ್ತು. ಗಲ್ಲಾದವನು ಅವರ ದುಡ್ಡನ್ನು ಮಡಿ ಮೈಲಿಗೆ ಇಲ್ಲದೆ ಎಣಿಸಿಕೊಳ್ಳುತ್ತಿದ್ದ. ಅದೇ ಅಂಗಡಿಯ ಊಟದ ಕೌಂಟರಿನ ಸ್ಟೂಲಿನ ಮೇಲೆ ಮಾತ್ರ ಕೂರುವ ಹಾಗಿಲ್ಲ. ನಮ್ಮ ಹಳ್ಳಿ ಹೋಟೆಲುಗಳ ಬೇರೆ ಲೋಟ ನೆನಪಾಯಿತಾ? ಆಗಲೇಬೇಕು. ಆ ನಂಟಿಗೆ ಆಮೇಲೆ ಬರ್ತೀನಿ.

1960ರ ಫೆಬ್ರವರಿ 1ಕ್ಕೆ ಪಕ್ಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೋದಲ್ಲಿ ನಾಲ್ಕು ಹುಡುಗರು ವೂಲ್‌ವರ್ತ್ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಸುದ್ದಿ ಬೆಂಕಿಯ ಹಾಗೆ ಹರಡಿತು. ನ್ಯಾಶ್‌ವಿಲ್‌ನವರು ಆಗಲೇ ತಯಾರಾಗಿ ಕೂತಿದ್ದರು. ಫೆಬ್ರವರಿ 13ಕ್ಕೆ 124 ವಿದ್ಯಾರ್ಥಿಗಳು ಒಳ್ಳೆಯ ಬಟ್ಟೆ ಹಾಕಿಕೊಂಡು, ಪುಸ್ತಕ ಹಿಡಿದುಕೊಂಡು ಪೇಟೆಯ ಮೂರು ಅಂಗಡಿಗಳಿಗೆ ಹೋಗಿ ಕೂತರು. ಕೌಂಟರಿನವರು ಕೊಡಲ್ಲ ಅಂದರು. ಇವರು ಹೋಮ್‌ವರ್ಕ್ ಮಾಡುತ್ತಾ ಕೂತರು. ಮತ್ತೆ ಬಂದರು, ಮತ್ತೆ ಕೂತರು.

ಫೆಬ್ರವರಿ 27ರ ಶನಿವಾರ ಪೆಟ್ಟು ಬಿತ್ತು. ಸ್ಟೂಲಿನಿಂದ ಎಳೆದು ಹಾಕಿದರು, ಒದ್ದರು, ಮೈಮೇಲೆ ಉರಿಯುವ ಸಿಗರೇಟು ಒತ್ತಿದರು. ಪೊಲೀಸರು ಬಂದು ಹಿಡಿದದ್ದು ಹೊಡೆದವರನ್ನಲ್ಲ, ಹೊಡೆಸಿಕೊಂಡ ಎಂಬತ್ತು ಚಿಲ್ಲರೆ ವಿದ್ಯಾರ್ಥಿಗಳನ್ನು. ಒಂದು ತಂಡವನ್ನು ವ್ಯಾನಿಗೆ ತುಂಬುತ್ತಿದ್ದಂತೆ ಇನ್ನೊಂದು ತಂಡ ಬಂದು ಅದೇ ಸ್ಟೂಲುಗಳ ಮೇಲೆ ಕೂತಿತು. ಕೋರ್ಟಿನಲ್ಲಿ 50 ಡಾಲರ್ ದಂಡ ಹಾಕಿದರೆ, ಕಟ್ಟಲ್ಲ, ಜೈಲಿಗೇ ಹೋಗ್ತೀವಿ ಅಂದರು. ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಲ್ವಾ? ಇದು ನಮ್ಮವರಿಗೆ ಹೊಸ ಮಾತೇನಲ್ಲ.

ಆ ದಿನಗಳ ಒಂದು ಪ್ರಸಂಗ ಹೇಳಲೇಬೇಕು. ಚರ್ಮದ ಜಾಕೆಟ್ ಹಾಕಿದ ಒಬ್ಬ ಪುಂಡ ಲಾಸನ್ ಮುಖಕ್ಕೆ ಉಗಿದನಂತೆ. ಲಾಸನ್ ಅವನನ್ನೇ, ನಿನ್ನ ಹತ್ತಿರ ಕರ್ಚೀಫ್ ಇದೆಯಾ ಅಂತ ಕೇಳಿದರು. ಅವನು ಗಲಿಬಿಲಿಯಾಗಿ ತೆಗೆದು ಕೊಟ್ಟೇಬಿಟ್ಟ. ಒರೆಸಿಕೊಂಡು ವಾಪಸ್ ಕೊಡುತ್ತಾ, ಬೈಕ್ ಓಡಿಸ್ತೀಯಾ, ಯಾವ ಥರದ್ದು ಅಂತ ಮಾತು ತೆಗೆದರು. ಇಬ್ಬರೂ ಬೈಕಿನ ವಿಷಯ ಮಾತಾಡುತ್ತಾ ನಿಂತರಂತೆ. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಆದರೆ ಉಗುಳು ಮುಖದ ಮೇಲಿರುವಾಗ ಆ ಪ್ರಶ್ನೆ ಬಾಯಿಗೆ ಬರಬೇಕಾದರೆ ನೆಲಮಾಳಿಗೆಯಲ್ಲಿ ಎಷ್ಟು ಸಂಜೆ ಕಳೆದಿರಬೇಕು, ಅದನ್ನೂ ಯೋಚಿಸಲಿ.

ಜಾನ್ ಲೂಯಿಸ್ ಮತ್ತು ಲಫಯೆಟ್ ಸೇರಿ ನಿಯಮಗಳ ಒಂದು ಚೀಟಿ ಮಾಡಿ ಎಲ್ಲರಿಗೂ ಹಂಚಿದ್ದರು. ಬೈದರೂ ಹೊಡೆದರೂ ತಿರುಗಿ ಮಾಡಬೇಡಿ. ಜೋರಾಗಿ ನಗಬೇಡಿ. ಮುಖಂಡರು ಹೇಳುವವರೆಗೆ ಜಾಗ ಬಿಡಬೇಡಿ. ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ನೆಟ್ಟಗೆ ಕೂತುಕೊಳ್ಳಿ, ಮುಖ ಕೌಂಟರಿನ ಕಡೆಗಿರಲಿ. ಕೊನೆಯಲ್ಲಿ ಏಸು, ಗಾಂಧಿ, ಕಿಂಗ್ ಇವರ ಬೋಧನೆ ನೆನಪಿರಲಿ ಅಂತ ಒಂದು ಸಾಲು. ಇವತ್ತು ನ್ಯಾಶ್‌ವಿಲ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ನಾಗರಿಕ ಹಕ್ಕುಗಳ ಕೋಣೆ ಅಂತ ಒಂದಿದೆ. ಮಧ್ಯದಲ್ಲಿ ಊಟದ ಕೌಂಟರಿನ ಹಾಗೇ ಇರುವ ಮೇಜು, ಸುತ್ತ ಸ್ಟೂಲುಗಳು, ಮೇಜಿನ ಮೇಲೆ ಈ ನಿಯಮಗಳನ್ನೇ ಕೊರೆದಿದ್ದಾರೆ. ಮಕ್ಕಳು ಅಲ್ಲಿ ಹೋಗಿ ಕೂರಬಹುದು. ನನ್ನನ್ನು ಕೇಳಿದರೆ ಹತ್ತು ಪ್ರತಿಮೆಗಿಂತ ಈ ಮೇಜೇ ಮೇಲು.

ಗೆದ್ದದ್ದು ಹೇಗೆ ಅಂತಲೂ ಹೇಳಬೇಕು, ಇಲ್ಲದಿದ್ದರೆ ಬರೀ ತಾಳ್ಮೆಯಿಂದ ಗೆದ್ದರು ಅನ್ನೋ ಹಾಗಾಗುತ್ತೆ. ಈಸ್ಟರ್ ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳೋದು ಅಲ್ಲಿನ ರೂಢಿ. ಆ ವರ್ಷ ಕಪ್ಪು ಕುಟುಂಬಗಳು ಪೇಟೆಗೆ ಕಾಲಿಡಲಿಲ್ಲ. ಅಂಗಡಿಗಳಿಗೆ ಬಿಸಿ ತಟ್ಟಿತು. ಏಪ್ರಿಲ್ 19ರ ಬೆಳಗಿನ ಜಾವ ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲ ಅಲೆಕ್ಸಾಂಡರ್ ಲೂಬಿ ಅವರ ಮನೆಗೆ ಬಾಂಬ್ ಹಾಕಿದರು. ಗಂಡ ಹೆಂಡತಿ ಬದುಕಿಕೊಂಡರು. ಎದುರಿನ ಮಿಹ್ಯಾರಿ ಕಾಲೇಜಿನ ಕಿಟಕಿ ಗಾಜುಗಳು ಪುಡಿಪುಡಿಯಾದವು. ಅವತ್ತೇ ಸಾವಿರಾರು ಜನ ಒಂದು ಘೋಷಣೆಯೂ ಕೂಗದೆ ನಗರಸಭೆಯವರೆಗೆ ನಡೆದರು. ಮೆಟ್ಟಿಲ ಮೇಲೆ ನಿಂತ ಮೇಯರ್ ಬೆನ್ ವೆಸ್ಟ್ ಅವರಿಗೆ ಡಯೇನ್ ನ್ಯಾಶ್ ನೇರವಾಗಿ ಕೇಳಿದಳು: ಬರೀ ಬಣ್ಣ ನೋಡಿ ಒಬ್ಬ ಮನುಷ್ಯನಿಗೆ ಭೇದ ಮಾಡೋದು ತಪ್ಪು ಅಂತ ನಿಮಗೆ ಅನಿಸುತ್ತಾ? ಮೇಯರ್ ಹೌದು ಅಂದರು. ಮೇ 10ಕ್ಕೆ ಆರು ಅಂಗಡಿಗಳ ಕೌಂಟರುಗಳು ಎಲ್ಲರಿಗೂ ತೆರೆದವು. ಬಾಂಬ್ ಬಿದ್ದ ಮರುದಿನ ಫಿಸ್ಕ್‌ಗೆ ಬಂದ ಕಿಂಗ್, ನಿಮಗೆ ಸ್ಫೂರ್ತಿ ಕೊಡೋಕೆ ಬಂದಿಲ್ಲ, ನಿಮ್ಮಿಂದ ತಗೊಂಡು ಹೋಗೋಕೆ ಬಂದಿದ್ದೀನಿ ಅನ್ನೋ ಅರ್ಥದ ಮಾತಾಡಿದರು.

ಈಗ ತಲೆನೋವಿನ ಕಥೆ. ಆ ಮಾರ್ಚ್ 3ಕ್ಕೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಲಾಸನ್‌ರನ್ನು ಹೊರಹಾಕಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಟಿಸಿ ಕೊಟ್ಟು ಕಳಿಸಿತು. ಊರಿನ ಒಂದು ಪತ್ರಿಕೆ ಲಾಸನ್ ವಿರುದ್ಧ ದಿನಾ ಬರೆಯುತ್ತಿತ್ತು. ಅದರ ಮಾಲೀಕರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸದಸ್ಯರೂ ಆಗಿದ್ದರು. ಮಾರನೇ ದಿನ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಆದರೆ ಅಲ್ಲಿನ ಮೇಷ್ಟ್ರುಗಳು ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಆ ವಿಭಾಗದ ಡೀನ್ ರಾಬರ್ಟ್ ನೆಲ್ಸನ್ ಮತ್ತು ಹೆಚ್ಚಿನ ಅಧ್ಯಾಪಕರು ರಾಜೀನಾಮೆ ಬರೆದುಕೊಟ್ಟರು. ದೇಶವೆಲ್ಲ ಗಲಾಟೆಯಾಯಿತು. ಕೊನೆಗೆ ರಾಜಿಯಾಗಿ, ಬಂದು ಪದವಿ ಮುಗಿಸಬಹುದು ಅಂದರು. ಲಾಸನ್ ಅಷ್ಟರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ ಸೇರಿ ಅಲ್ಲೇ ಓದು ಮುಗಿಸಿದರು. ನೆಲ್ಸನ್ ಹುದ್ದೆ ಹೋದದ್ದು ಹೋಯಿತು.

ಅದೇ ವ್ಯಾಂಡರ್‌ಬಿಲ್ಟ್ 1996ರಲ್ಲಿ ತನ್ನ ಧರ್ಮಶಾಸ್ತ್ರ ವಿಭಾಗದ ಗೌರವಾನ್ವಿತ ಹಳೆಯ ವಿದ್ಯಾರ್ಥಿ ಅಂತ ಲಾಸನ್‌ಗೆ ಮರ್ಯಾದೆ ಮಾಡಿತು. 2006ರಲ್ಲಿ ಪಾಠ ಮಾಡೋಕೇ ಕರೆಯಿತು. ಅವರು ಹೋದರು. ಹೊರಹಾಕಿದ ಕ್ಯಾಂಪಸ್ಸಿಗೇ ಎಪ್ಪತ್ತೇಳರ ವಯಸ್ಸಿನಲ್ಲಿ ಪ್ರೊಫೆಸರ್ ಆಗಿ ಬಂದರು. ಅವರ ಕಾಗದಪತ್ರಗಳೂ ಈಗ ಅಲ್ಲಿನ ಗ್ರಂಥಾಲಯದಲ್ಲೇ ಇವೆ. ಅವರ ಹೆಸರಿನಲ್ಲಿ ಅಹಿಂಸಾ ಚಳವಳಿಗಳ ಅಧ್ಯಯನಕ್ಕೆ ಒಂದು ಸಂಸ್ಥೆಯನ್ನೂ ಕಟ್ಟಿದ್ದಾರೆ. 2024ರ ಜೂನಿನಲ್ಲಿ ತೀರಿಕೊಂಡಾಗ ಅವರಿಗೆ 95. ನನಗೆ ಹಿಡಿಸಿದ್ದು ಒಂದು ವಿಷಯ. ಈ ಗೌರವಗಳ ಬಗ್ಗೆ ವಿಶ್ವವಿದ್ಯಾಲಯ ಬರೆಯುವಾಗ ನಾವು ಅವರನ್ನು 1960ರಲ್ಲಿ ಹೊರಹಾಕಿದ್ದೆವು ಅನ್ನೋದನ್ನು ನುಂಗಿಹಾಕಲ್ಲ. ಅದನ್ನೂ ಹೇಳುತ್ತೆ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಇಂಥ ಸಾಲು ಒಂದಾದರೂ ಓದಿದ ನೆನಪು ನನಗಿಲ್ಲ.

ಇದು ಬಿಳಿಯರ ವಿಶ್ವವಿದ್ಯಾಲಯದ ಪಾಪ ಮಾತ್ರ ಅಂದುಕೊಳ್ಳಬೇಡಿ. ಕಪ್ಪು ಜನರ ಕಾಲೇಜುಗಳೂ ಮಾಡಿವೆ. ಅವುಗಳಲ್ಲಿ ಹಲವು ಸರ್ಕಾರದ ದುಡ್ಡಿನಲ್ಲಿ ನಡೆಯುತ್ತಿದ್ದವು, ಸರ್ಕಾರ ಬಿಳಿಯರದ್ದು. ಲೂಸಿಯಾನಾದ ಸದರ್ನ್ ವಿಶ್ವವಿದ್ಯಾಲಯ 1960ರಲ್ಲಿ ಕೌಂಟರಿನಲ್ಲಿ ಕೂತ ತನ್ನ ವಿದ್ಯಾರ್ಥಿಗಳನ್ನು ಹೊರಹಾಕಿತು. 2004ರಲ್ಲಿ ಕರೆದು ಗೌರವ ಪದವಿ ಕೊಟ್ಟಿತು. ಟೆನೆಸಿ ಸ್ಟೇಟ್ 1961ರಲ್ಲಿ ಬಸ್ಸುಗಳಲ್ಲಿನ ಭೇದದ ವಿರುದ್ಧ ಹೊರಟ 14 ಜನರನ್ನು ಕಳಿಸಿಬಿಟ್ಟಿತು. ಅವರಿಗೆ ಗೌರವ ಡಾಕ್ಟರೇಟ್ ಸಿಕ್ಕಿದ್ದು 2008ರಲ್ಲಿ. ಅಷ್ಟರಲ್ಲಿ ಆ ಹುಡುಗರಿಗೆ ಮೊಮ್ಮಕ್ಕಳು.

ಅಲಬಾಮಾ ಸ್ಟೇಟ್ ಕಾಲೇಜಿನ ಪ್ರಕರಣ ಇನ್ನೂ ಮುಖ್ಯ, ನಿಮ್ಮಂಥ ಮೇಷ್ಟ್ರುಗಳಿಗೆ ಜಾಸ್ತಿ ಉಪಯೋಗ. 1960ರಲ್ಲಿ ಕೋರ್ಟು ಕಟ್ಟಡದ ಕ್ಯಾಂಟೀನಿನಲ್ಲಿ ಕೂತಿದ್ದಕ್ಕೆ ಒಂಬತ್ತು ವಿದ್ಯಾರ್ಥಿಗಳನ್ನು ವಿಚಾರಣೆಯೂ ಇಲ್ಲದೆ ಹೊರಹಾಕಿದರು. ಅವರಲ್ಲಿ ಕೆಲವರು ಕೋರ್ಟಿಗೆ ಹೋದರು. ಡಿಕ್ಸನ್ ಮೊಕದ್ದಮೆ ಅಂತ ಅದಕ್ಕೆ ಹೆಸರು. 1961ರ ತೀರ್ಪು ಏನಂದರೆ, ಸರ್ಕಾರಿ ಕಾಲೇಜು ಒಬ್ಬ ವಿದ್ಯಾರ್ಥಿಯನ್ನು ಹೊರಹಾಕುವ ಮೊದಲು ಕಾರಣ ತಿಳಿಸಿ ನೋಟಿಸ್ ಕೊಡಬೇಕು, ಅವನ ಮಾತು ಕೇಳಬೇಕು. ಇವತ್ತು ಅಮೆರಿಕದ ಯಾವ ಸರ್ಕಾರಿ ಕಾಲೇಜಿನಲ್ಲೂ ಶಿಸ್ತಿನ ವಿಚಾರಣೆ ನಡೆಯುವುದಕ್ಕೆ ಬುನಾದಿ ಆ ಕ್ಯಾಂಟೀನಿನಲ್ಲಿ ಕೂತ ಹುಡುಗರೇ. ಅವರ ದಾಖಲೆಯಿಂದ ಆ ಶಿಕ್ಷೆಯನ್ನು ಅಳಿಸಿದ್ದು 2018ರಲ್ಲಿ. ಅರ್ಧ ಶತಮಾನ ದಾಟಿ ಎಂಟು ವರ್ಷ.

ಗ್ರೀನ್ಸ್‌ಬರೋದ ಬಗ್ಗೆ ಹೆಚ್ಚು ಹೇಳಲ್ಲ, ಅದು ಎಲ್ಲರಿಗೂ ಗೊತ್ತಿರುವ ಕಥೆ. ಆ ನಾಲ್ವರು ಓದಿದ ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ ಕ್ಯಾಂಪಸ್ಸಿನಲ್ಲಿ ಅವರ ಪ್ರತಿಮೆ ಇದೆ, ಪ್ರತಿ ಫೆಬ್ರವರಿ 1ಕ್ಕೆ ಕಾರ್ಯಕ್ರಮ ನಡೆಯುತ್ತೆ. ಆ ವೂಲ್‌ವರ್ತ್ ಅಂಗಡಿಯೇ 2010ರಲ್ಲಿ ಮ್ಯೂಸಿಯಂ ಆಯಿತು. ನನ್ನ ತಕರಾರು ಒಂದೇ. ಪ್ರತಿಮೆಯಲ್ಲಿ ನಾಲ್ವರೂ ಹುಡುಗರು. ಅದೇ ಊರಿನ ಬೆನೆಟ್ ಹೆಣ್ಣುಮಕ್ಕಳ ಕಾಲೇಜಿನವರು ದಂಡಿಯಾಗಿ ಬಂದು ಕೂತರಲ್ಲ, ಅವರನ್ನು ನೆನೆಯುವವರು ಕಡಿಮೆ. 1958ರಲ್ಲಿ ಕಿಂಗ್ ಆ ಊರಿಗೆ ಬರ್ತೀನಿ ಅಂದಾಗ ಬೇರೆಯವರು ಜಾಗ ಕೊಡೋಕೆ ಹೆದರಿದರು. ಬೆನೆಟ್‌ನ ಅಧ್ಯಕ್ಷೆ ವಿಲ್ಲಾ ಪ್ಲೇಯರ್ ತಮ್ಮ ಕಾಲೇಜಿನಲ್ಲೇ ಮಾಡಿ ಅಂದರು. 1960ರಲ್ಲಿ ತಮ್ಮ ಹುಡುಗಿಯರು ಜೈಲಿಗೆ ಹೋದಾಗಲೂ ಅವರ ಬೆನ್ನಿಗೆ ನಿಂತರು. ಎಲ್ಲ ಕಾಲೇಜುಗಳೂ ಹೆದರಿದವು ಅಂತ ನಾನು ಹೇಳಿದ ಹಾಗಾಗಬಾರದು.

ಇನ್ನೊಂದು ಊರು, ಬೇಗ ಹೇಳಿ ಮುಂದೆ ಹೋಗ್ತೀನಿ, ಯಾಕಂದರೆ ಅಲ್ಲಿ ಹೇಳೋಕೆ ಸುಖವಾದದ್ದೇನಿಲ್ಲ. ಸೌತ್ ಕ್ಯಾರೊಲಿನಾದ ಆರೆಂಜ್‌ಬರ್ಗ್. 1968ರ ಫೆಬ್ರವರಿ 8ರ ರಾತ್ರಿ, ಊರಿನ ಬೌಲಿಂಗ್ ಆಟದ ಮನೆಗೆ ಕಪ್ಪು ಜನರನ್ನು ಬಿಡುತ್ತಿಲ್ಲ ಅನ್ನೋ ಪ್ರತಿಭಟನೆಯ ಮುಂದುವರಿಕೆಯಾಗಿ ಕ್ಯಾಂಪಸ್ಸಿನಲ್ಲಿ ಸೇರಿದ್ದ ಹುಡುಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಒಬ್ಬ ಇನ್ನೂ ಹೈಸ್ಕೂಲಿನಲ್ಲಿದ್ದ. ಸೌತ್ ಕ್ಯಾರೊಲಿನಾ ಸ್ಟೇಟ್‌ನ ಜಿಮ್ನೇಷಿಯಂ ಕಟ್ಟಡಕ್ಕೆ ಆ ಮೂವರ ಹೆಸರನ್ನೇ ಇಟ್ಟಿದ್ದಾರೆ, ಸ್ಮಿತ್ ಹ್ಯಾಮಂಡ್ ಮಿಡಲ್ಟನ್ ಅಂತ. ಮಕ್ಕಳು ದಿನಾ ಆ ಹೆಸರು ಹೇಳಿಕೊಂಡೇ ಆಟಕ್ಕೆ ಹೋಗಬೇಕು. ಪ್ರತಿ ವರ್ಷ ಫೆಬ್ರವರಿ 8ಕ್ಕೆ ಕ್ಯಾಂಪಸ್ಸಿನಲ್ಲಿ ಸೇರುತ್ತಾರೆ.

ಗಾಂಧೀಜಿ ನಂಟು ಎಷ್ಟು ಅಂತ ಕೇಳಿದ್ದೀರಿ. ನಾಗಪುರದ್ದು ಹೇಳಾಯಿತು. ಮೈಸೂರಿನದೂ ಒಂದಿದೆ, ಅದು ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಕಿಂಗ್ ಓದಿದ್ದು ಅಟ್ಲಾಂಟಾದಲ್ಲಿರುವ ಕಪ್ಪು ಜನರ ಮೋರ್‌ಹೌಸ್ ಕಾಲೇಜಿನಲ್ಲಿ. 1944ರಲ್ಲಿ ಹದಿನೈದನೇ ವಯಸ್ಸಿಗೇ ಸೇರಿ 1948ರಲ್ಲಿ ಪದವಿ ಪಡೆದರು. ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ಬೆಂಜಮಿನ್ ಮೇಸ್. ಕಿಂಗ್ ಅವರನ್ನು ಗುರು ಅಂತಲೇ ತಿಳಿದಿದ್ದರು. ಈ ಮೇಸ್ ಕ್ರೈಸ್ತ ಯುವಕರ ಸಂಸ್ಥೆಯಾದ ವೈಎಂಸಿಎಯ ಜಾಗತಿಕ ಸಮ್ಮೇಳನಕ್ಕೆ ಅಂತ 1937ರ ಜನವರಿಯಲ್ಲಿ ನಮ್ಮ ಮೈಸೂರಿಗೆ ಬಂದಿದ್ದರು. ಅದೇ ಪ್ರವಾಸದಲ್ಲಿ ಗಾಂಧೀಜಿಯನ್ನು ಕಂಡು ಸುಮಾರು ಒಂದೂವರೆ ತಾಸು ಮಾತಾಡಿದರು. ಅಹಿಂಸೆ ಅಂದರೆ ಸುಮ್ನೆ ಕೂರೋದಲ್ಲ, ಅದೊಂದು ಸಕ್ರಿಯ ಶಕ್ತಿ ಅನ್ನೋದು ಅವರಿಬ್ಬರ ಮಾತಿನ ತಿರುಳು.

ಮೈಸೂರಿನಲ್ಲಿದ್ದಾಗ ಹತ್ತಿರದ ಊರಿನ ಅಸ್ಪೃಶ್ಯರ ಶಾಲೆಯೊಂದರ ಹೆಡ್‌ಮಾಸ್ಟರು ಮೇಸ್‌ರನ್ನು ಕರೆಸಿಕೊಂಡರು. ಮಕ್ಕಳಿಗೆ ಪರಿಚಯ ಮಾಡಿಕೊಡುವಾಗ, ಇವರೂ ಅವರ ದೇಶದಲ್ಲಿ ನಮ್ಮ ಹಾಗೇ ಅಸ್ಪೃಶ್ಯರು, ಆದರೂ ಎಷ್ಟು ಎತ್ತರಕ್ಕೆ ಬಂದಿದ್ದಾರೆ ನೋಡಿ ಅನ್ನೋ ಅರ್ಥದಲ್ಲಿ ಹೇಳಿದರು. ಮೇಸ್‌ಗೆ ಮೊದಲು ಕಸಿವಿಸಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಆಮೇಲೆ, ಹೌದಲ್ಲ, ಈ ಮೇಷ್ಟ್ರು ಹೇಳಿದ್ದು ಸರಿಯೇ ಅನಿಸಿತು ಅಂತ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆ ಹೆಡ್‌ಮಾಸ್ಟರ ಮಾತಿನ ತೂಕ ನೋಡಿ. ಬೇರೆ ಲೋಟಕ್ಕೂ ವೂಲ್‌ವರ್ತಿನ ಸ್ಟೂಲಿಗೂ ನಂಟು ಕಟ್ಟೋಕೆ ಅವರಿಗೆ ಯಾವ ವಿಶ್ವವಿದ್ಯಾಲಯವೂ ಬೇಕಾಗಿರಲಿಲ್ಲ.

ಹಾಗಂತ ಎಲ್ಲವೂ ನಮ್ಮಿಂದಲೇ ಹೋಯಿತು ಅಂತ ಎದೆಯುಬ್ಬಿಸಬೇಡಿ. ಕಿಂಗ್ ಕೈಗೆ ಗಾಂಧಿ ಪುಸ್ತಕಗಳು ಬಂದದ್ದು ಕಪ್ಪು ಜನರ ಹವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಮಾರ್ಡಕಾಯ್ ಜಾನ್ಸನ್ ಭಾರತಕ್ಕೆ ಬಂದು ಹೋಗಿ ಮಾಡಿದ ಒಂದು ಭಾಷಣ ಕೇಳಿದ ಮೇಲೆ. ಕೇಳಿ ಹೊರಬಂದವರೇ ಅರ್ಧ ಡಜನ್ ಪುಸ್ತಕ ಕೊಂಡರಂತೆ. ಅಂದರೆ ಗಾಂಧಿಯನ್ನು ಅಲ್ಲಿಗೆ ಒಯ್ದವರು ಕಪ್ಪು ಕಾಲೇಜುಗಳ ಮೇಷ್ಟ್ರುಗಳೇ. ಅದಕ್ಕೆ ಅವರ ಚರ್ಚಿನ ಹಾಡು, ಬೈಬಲ್ಲು, ನೂರಾರು ವರ್ಷಗಳ ಗುಲಾಮಗಿರಿಯ ನೆನಪು ಎಲ್ಲ ಸೇರಿ ಅದು ಅವರದ್ದೇ ಆಯಿತು. 1968ರ ಏಪ್ರಿಲಿನಲ್ಲಿ ಕಿಂಗ್ ಅಂತ್ಯಸಂಸ್ಕಾರದ ದಿನ ಮೋರ್‌ಹೌಸ್ ಆವರಣದಲ್ಲೇ ಸಭೆ ಸೇರಿತು. ಶಿಷ್ಯನ ಬಗ್ಗೆ ಮಾತಾಡಿದವರು ಮೇಸ್. 2006ರಲ್ಲಿ ಕಿಂಗ್ ಬರಹಗಳು ಹರಾಜಿಗೆ ಹೋಗುವುದರಲ್ಲಿದ್ದವು. ಅಟ್ಲಾಂಟಾದವರು 3.2 ಕೋಟಿ ಡಾಲರ್ ಹೊಂದಿಸಿ ಕೊಂಡುಕೊಂಡರು. ಸುಮಾರು 10,000 ಕಾಗದಪತ್ರಗಳು ಈಗ ಮೋರ್‌ಹೌಸ್‌ನದೇ.

ಇನ್ನು ನೀವು ಏನು ಮಾಡಬಹುದು ಅನ್ನೋದು. ಹಾರ ಹಾಕಿ, ಪೊರಕೆ ಹಿಡಿಯಿರಿ, ಸುತ್ತೋಲೆಯಲ್ಲಿ ಬಂದದ್ದನ್ನು ಮಾಡದಿದ್ದರೆ ನಿಮಗೇ ಕಷ್ಟ. ಅದರ ಜೊತೆಗೆ ಒಂದು ಮಧ್ಯಾಹ್ನ ಆ ನೆಲಮಾಳಿಗೆಯ ತರಗತಿ ಮಾಡಿ ನೋಡಿ. ನಾನು ಮಾಡಿದ್ದೀನಿ. ಇಪ್ಪತ್ತು ಮಕ್ಕಳು ಸಾಕು. ನಾಲ್ಕು ಕುರ್ಚಿ. ಮೊದಲ ಹತ್ತು ನಿಮಿಷ ಎಲ್ಲರೂ ನಗುತ್ತಾರೆ. ಆಮೇಲೆ ಬೈಯುವ ಪಾತ್ರದ ಹುಡುಗನೊಬ್ಬನಿಗೆ ನಿಜವಾಗಿಯೂ ಆವೇಶ ಬರುತ್ತೆ, ಕೋಣೆ ತಣ್ಣಗಾಗುತ್ತೆ. ಅಲ್ಲಿ ನಿಲ್ಲಿಸಬೇಕು. ಮುಂಚೆಯೇ ಗೆರೆ ಎಳೆದಿರಿ: ಜಾತಿ ಹಿಡಿದು ಬೈಯುವ ಹಾಗಿಲ್ಲ, ಮೈ ಮುಟ್ಟುವ ಹಾಗಿಲ್ಲ, ಯಾರು ಬೇಕಾದರೂ ಕೈ ಎತ್ತಿ ಎದ್ದುಹೋಗಬಹುದು. ಮುಗಿದ ಮೇಲೆ ನೆಲದ ಮೇಲೆ ಸುತ್ತ ಕೂತು ಮಾತಾಡಲೇಬೇಕು, ಹಾಗೇ ಮನೆಗೆ ಕಳಿಸಬೇಡಿ. ನನ್ನ ಅನುಭವದಲ್ಲಿ ಕೂತವರಿಗಿಂತ ಬೈದವರೇ ಜಾಸ್ತಿ ಹೊತ್ತು ಮಾತಾಡುತ್ತಾರೆ. ಇಷ್ಟು ಸುಲಭವಾಗಿ ನನ್ನ ಬಾಯಲ್ಲಿ ಹೇಗೆ ಬಂತು ಸಾರ್ ಅಂತ ಒಬ್ಬ ಕೇಳಿದ್ದ.

ಎರಡನೆಯದು, ನಿಮ್ಮ ಊರಿನ ನೆನಪನ್ನೇ ಹುಡುಕಿಸಿ. ಮೈಸೂರಿನ ರಾಮಸ್ವಾಮಿ ಸರ್ಕಲ್ಲಿನಲ್ಲಿ ದಿನಾ ಬಸ್ಸಿಗೆ ಕಾಯುವ ಎಷ್ಟು ಹುಡುಗರಿಗೆ ಆ ರಾಮಸ್ವಾಮಿ 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡೇಟಿಗೆ ಸತ್ತ ವಿದ್ಯಾರ್ಥಿ ಅಂತ ಗೊತ್ತು? ನಿಮ್ಮ ಊರಲ್ಲೂ ಯಾರೋ ಇರ್ತಾರೆ. ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ಬರೆದುಕೊಂಡು ಬರೋಕೆ ಮಕ್ಕಳಿಗೆ ಹೇಳಿ.

ಮೂರನೆಯದು ಕಷ್ಟದ್ದು. ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಹಾಸ್ಟೆಲಿಗೆ ನಾಲ್ಕು ದಿನ ನೀರು ಬರಲಿಲ್ಲ ಅಂತ ಹುಡುಗರು ಖಾಲಿ ಬಕೆಟ್ ಇಟ್ಟುಕೊಂಡು ಪ್ರಿನ್ಸಿಪಾಲರ ಕೋಣೆ ಮುಂದೆ ಸದ್ದಿಲ್ಲದೆ ಕೂತರು. ಯಾರಿಗೂ ಅಡ್ಡಿ ಮಾಡಲಿಲ್ಲ. ಒಂದು ಗಾಜೂ ಒಡೆಯಲಿಲ್ಲ. ಅದು ಸೆಪ್ಟೆಂಬರ್ ಕೊನೆಯ ವಾರ. ಅಕ್ಟೋಬರ್ 1ಕ್ಕೆ ಅವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಕ್ಷಮಾಪಣೆ ಪತ್ರ ಬರೆಸಿಕೊಂಡೆವು, ಬರೆಯದಿದ್ದರೆ ಟಿಸಿ ಅಂತ ಹೆದರಿಸಿ. ಮಾರನೇ ದಿನ ಅದೇ ಹುಡುಗರು ಸಭಾಂಗಣದಲ್ಲಿ ವೈಷ್ಣವ ಜನತೋ ಹಾಡಿದರು. ಪ್ರಾರ್ಥನೆ ತಂಡಕ್ಕೆ ಬೇರೆ ಯಾರೂ ಸಿಕ್ಕಿರಲಿಲ್ಲ. ಆ ಪತ್ರಗಳಲ್ಲಿ ಹದಿನಾಲ್ಕಕ್ಕೆ ಸಾಕ್ಷಿ ಸಹಿ ನನ್ನದು.

ನಿಮ್ಮ ಕಾಲೇಜಿನಲ್ಲೂ ಶಿಸ್ತು ಸಮಿತಿಯ ಹಳೆಯ ಕಡತ ಇರುತ್ತೆ. ಹೆಸರುಗಳನ್ನು ಯಾರಿಗೂ ತೋರಿಸಬೇಡಿ, ಮೊದಲು ನೀವೊಬ್ಬರೇ ಓದಿ. ಯಾರನ್ನಾದರೂ ಕರೆಸಿ ಮಾತಾಡಬೇಕು ಅನಿಸಿದರೆ ಅವರ ಒಪ್ಪಿಗೆ ಕೇಳಿ ಮುಂದೆ ಹೋಗಿ. ಕಡತ ಎಲ್ಲಿದೆ ಅಂತ ಆಫೀಸ್ ಸೂಪರಿಂಟೆಂಡೆಂಟರನ್ನು ವಿಚಾರಿಸಿ. ಕಪಾಟಿನ ಬೀಗದಕೈ ಸಾಮಾನ್ಯವಾಗಿ ಅವರ ಹತ್ತಿರವೇ ಇರುತ್ತೆ.